ಚಮಚ ಎತ್ತೋ ತನಕ ಕಾದ ಅಡಿವೆಪ್ಪ

ಕೇಳ್ರಪ್ಪಾ, ಕೇಳ್ರವ್ವಾ. ಕೊರಿಯಾ ಅಂತ ದೇಶ, ಸುವೋನ್ ಅಂತ ಊರು. ಅಲ್ಲೊಂದು ನಮ್ಮ ಕಡೆಯವರ ಖಾನಾವಳಿ. ಅಲ್ಲಿ ರೊಟ್ಟಿ ಬಡಿಯೋಕೆ ಗದಗಿನ ಕಡೆಯಿಂದ ಹೋದಾಕೆ ಕಲ್ಲವ್ವ. ಗಂಡ ಇಲ್ಲ. ಇರೋನೊಬ್ಬ ಮಗ, ಅಡಿವೆಪ್ಪ. ಅವನನ್ನೂ ಕರಕೊಂಡೇ ಹೋದಳು. ಬಿಟ್ಟು ಹೋಗೋ ಹಾಗಿರಲಿಲ್ಲ, ಅವನು ಪೆದ್ದ. ಎಂಥ ಪೆದ್ದ? ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಪೆದ್ದ! ಕೆಟ್ಟವನಲ್ಲ ಮತ್ತೆ. ನಮ್ಮಂಥ ಶಾಣ್ಯಾರು ಅವ್ವ ಹೇಳಿದ್ದನ್ನ ಕೇಳೋದೇ ಇಲ್ಲ. ಅವನು ಕೇಳ್ತಿದ್ದ.

ಕಲ್ಲವ್ವನಿಗೆ ಎದೆಬೇನೆ. ಹೆಚ್ಚು ದಿನ ಉಳಿಯೋದಿಲ್ಲ ಅಂತ ಆಕೆಗೆ ಗೊತ್ತಿತ್ತು. ತಾನು ಹೋಗೋದ್ರೊಳಗೆ ಮಗ ಈ ಪರದೇಶದಲ್ಲಿ ಒಬ್ಬನೇ ಬಾಳೋದು ಕಲೀಬೇಕು. ಅದೊಂದೇ ಚಿಂತೆ.

ಮೊದಲ ದಿನ ಬಾಡಿಗೆ ಮನೆ ಬಾಗಿಲಲ್ಲೇ ಹೇಳಿದಳು. "ಇಲ್ಲೂ ನಮ್ಮೂರ ಹಂಗ. ಬಾಗಲಾ ತೆರದ್ರ ಕಾಲಾಗಿನ ಬೂಟು ಹೊರಗ ಬಿಟ್ಟು ಒಳಗ ಹೋಗು."

"ಹೂಂ ಯವ್ವಾ, ಹಂಗ ಮಾಡತೀನಿ."

ಮರುದಿನ ಅವನೊಬ್ಬನೇ ಖಾನಾವಳಿಗೆ ಹೊರಟ. ಮೆಟ್ರೋ ರೈಲು ಬಂತು. ಬಾಗಿಲು ತಾನೇ ತೆರೀತು. ಅಡಿವೆಪ್ಪ ಬೂಟು ಕಳಚಿದ, ಪ್ಲಾಟ್‌ಫಾರ್ಮಿನ ಮೇಲೆ ನೀಟಾಗಿ ಜೋಡಿಸಿಟ್ಟ, ಒಳಗೆ ಹೋದ. ರೈಲು ಹೋಯಿತು! ಹಿಮದಲ್ಲಿ ಬರಿಗಾಲಲ್ಲಿ ಬಂದ ಮಗನ ಕಾಲು ತಿಕ್ಕುತ್ತಾ ಕಲ್ಲವ್ವ ಬೈದಳು.

"ಅಯ್ಯ ನನ್ನ ಹಣೇಬರಹವ! ತಮ್ಮ ಸಾಮಾನ ಯಾರರ ಬಿಟ್ಟು ಬರತಾರೇನೋ? ಕೈಯಾಗ ಏನಿದ್ರೂ ಬಿಡಬ್ಯಾಡ, ಗಟ್ಟಿ ಹಿಡ್ಕೊ!"

"ಹೂಂ ಯವ್ವಾ, ಹಂಗ ಮಾಡತೀನಿ."

ಮರುದಿನ ಸಿಪ್ಪೆ-ಮುಸುರೆ ಚೀಲ ಕೊಟ್ಟು, ಓಣಿ ತುದೀಲಿ ಹಾಕಿ ಬಾ ಅಂದಳು. ಹಾಕಿದನಾ? ಎಲ್ಲಿಂದ! ಗಟ್ಟಿ ಹಿಡಕೊಂಡ. ಚೀಲ ಹಿಡಕೊಂಡೇ ರೈಲು ಹತ್ತಿದ, ಸಂಜೆಗೆ ಹಿಡಕೊಂಡೇ ಬಂದ. ರೈಲಿನ ಜನ ಮೂಗು ಮುಚ್ಚಿಕೊಂಡು ಆ ಬೋಗಿನೇ ಖಾಲಿ ಮಾಡಿದ್ದರಂತೆ.

"ಅದು ಒಗಿಯೂದೋ ಕ್ವಾಣಾ! ಅದೂ ಇಲ್ಲಿ ಎಲ್ಲಾ ಕೂಡಿಸಿ ಒಗಿಯಂಗಿಲ್ಲ. ಕಾಗದ ಬ್ಯಾರೆ, ಬಾಟ್ಲಿ ಬ್ಯಾರೆ, ಅನ್ನಾ ಬ್ಯಾರೆ. ಎಲ್ಲಾ ಬ್ಯಾರೆ ಬ್ಯಾರೆ ಮಾಡು!"

"ಹೂಂ ಯವ್ವಾ, ಹಂಗ ಮಾಡತೀನಿ."

ಮರುದಿನ ಖಾನಾವಳಿಯಲ್ಲಿ ಗಿರಾಕಿಗಳು ಚಿತ್ರಾನ್ನ ಕೇಳಿದರು. ಬಡಿಸಬೇಕಾದ ಅಡಿವೆಪ್ಪ ಶೇಂಗಾ ಒಂದು ಬಟ್ಟಲಿಗೆ ಆರಿಸಿದ, ಕರಿಬೇವು ಒಂದು ಬಟ್ಟಲಿಗೆ ಆರಿಸಿದ, ಕೂತು ಸಾಸಿವೆ ಆರಿಸತೊಡಗಿದ. ಗಿರಾಕಿಗಳು ಎದ್ದೇ ಹೋದರು.

"ಕಲ್ಲವ್ವಾ, ನೀ ಇರೂತನಕ ಇಂವ ಇರಲಿ," ಅಂದ ಖಾನಾವಳಿಯ ಸಾಹುಕಾರ. "ಆಮ್ಯಾಲ ನಾ ಇಟ್ಕೊಳ್ಳಂಗಿಲ್ಲ."

ಕಲ್ಲವ್ವ ಸಾಸಿವೆ ಬಟ್ಟಲು ಕಸಕೊಂಡು ಮಗನನ್ನು ಮನೆಗೆ ಕರಕೊಂಡು ಬಂದಳು. 

ಆ ಸಂಜೆ ಬಾಡಿಗೆ ಮನೆಯ ಒಡತಿ, ಕೊರಿಯಾದ ಅಜ್ಜಿ, ಅವ್ವ-ಮಗನನ್ನು ಊಟಕ್ಕೆ ಕರೆದಳು. ಅಡಿವೆಪ್ಪ ಎಲ್ಲರಿಗಿಂತ ಮುಂಚೆ ಚಮಚ ಹಾಕಿದ. ಅಜ್ಜಿ ಫಟ್ ಅಂತ ಕೈಗೆ ಹೊಡೆದಳು! ಈ ಸಲ ಕಲ್ಲವ್ವ ಕೂಗಾಡಲಿಲ್ಲ. ಮಗನ ಗದ್ದ ಹಿಡಿದು ಹೇಳಿದಳು.

"ಇಲ್ಲೀ ಪದ್ಧತಿ ಕೇಳು. ಹಿರೇರು ಚಮಚ ಎತ್ತೂತನಕ ನೀ ಮುಟ್ಟಬ್ಯಾಡ. ಹಿರೇರು ಏಳೂತನಕ ನೀ ಏಳಬ್ಯಾಡ. ಇಷ್ಟರ ಕಲಿಯೋ ನನ್ನಪ್ಪಾ. ನಾ ಸತ್ತ ಮ್ಯಾಲ ಈ ಅಜ್ಜಿ ನಿನಗೊಂದು ತುತ್ತು ಹಾಕತಾಳ."

"ಹೂಂ ಯವ್ವಾ, ಹಂಗ ಮಾಡತೀನಿ."

ಇದೊಂದರಲ್ಲಿ ಅವನು ತಪ್ಪಲಿಲ್ಲ ನೋಡ್ರಿ. ದಿನಾ ಅವ್ವ ಚಮಚ ಎತ್ತಿದ ಮೇಲೇ ತಿಂದ, ಅವ್ವ ಎದ್ದ ಮೇಲೇ ಎದ್ದ. "ಕಲೀತಪಾ ನನ್ನ ಕೂಸು!" ಅಂತ ಕಲ್ಲವ್ವ ಖುಷಿಪಟ್ಟಳು. ಪಾಪ, ಅಷ್ಟಕ್ಕೇ ಖುಷಿಪಟ್ಟಳು.

ಚಳಿಗಾಲ ಮುಗಿಯೋದ್ರೊಳಗೆ ಆಕೆ ಹೋಗಿಬಿಟ್ಟಳು.

ಕಾರ್ಯ ಮುಗಿಸಿ ಬಂದ ಮೇಲೆ ಅಜ್ಜಿ ತಮ್ಮ ಪದ್ಧತಿಯಂತೆ ಕಲ್ಲವ್ವನ ಫೋಟೋ ಮುಂದೆ ಬಿಸಿ ಅನ್ನದ ಬಟ್ಟಲು ಇಟ್ಟು, ಅದರಲ್ಲಿ ಚಮಚ ನೆಟ್ಟಗೆ ಚುಚ್ಚಿದಳು. ಸತ್ತವರಿಗೆ ಅವರು ಹಾಗೇ ಎಡೆ ಇಡೋದು. ಅಡಿವೆಪ್ಪನಿಗೂ ಬಡಿಸಿದಳು. "ಮೊಗೊ," ಅಂದಳು. ತಿನ್ನು ಅಂತ.

ಅವನು ತಿನ್ನಲಿಲ್ಲ. ಅನ್ನ ಆರಿತು. ಅಜ್ಜಿ ಮತ್ತೆ ಬಿಸಿ ಮಾಡಿ ತಂದಳು. "ಮೊಗೊ! ಮೊಗೊ!" ಅಂತ ಗದರಿಸಿದಳು. ಅಡಿವೆಪ್ಪ ಫೋಟೋ ಮುಂದಿನ ಚಮಚ ತೋರಿಸಿದ.

"ಯವ್ವ ಇನ್ನಾ ಎತ್ತಿಲ್ಲ."

ಅಜ್ಜಿಗೆ ಕನ್ನಡದಲ್ಲಿ ಗೊತ್ತಿದ್ದದ್ದು ಒಂದೇ ಮಾತು, ಯವ್ವ. ಇವನು ದಿನವಿಡೀ ಕೂಗೋದು ಕೇಳಿ ಕಲಿತದ್ದು. ಅಷ್ಟರಿಂದಲೇ ಆಕೆಗೆ ತಿಳಿಯಿತು. ಫೋಟೋ ಪಕ್ಕ ಕೂತು ಆ ಚಮಚ ತಾನೇ ಕಿತ್ತು ಮೇಲೆತ್ತಿದಳು. ತಿಂದ ನೋಡ್ರಿ ಅಡಿವೆಪ್ಪ, ಗಬಗಬ ಅಂತ! ಒಂದು ಅಗುಳೂ ಬಿಡಲಿಲ್ಲ. ಅಬ್ಬಾ, ಗೆದ್ದೆ ಅಂದುಕೊಂಡಳು ಅಜ್ಜಿ. ಬಟ್ಟಲು ತೊಳೆದಳು, ಹಾಸಿಗೆ ಹಾಸಿದಳು, ಬಂದು ತೋಳು ಹಿಡಿದು ಎಬ್ಬಿಸಿದಳು.

ಅವನು ಏಳಲಿಲ್ಲ. ಜಗ್ಗಿದರೂ ಏಳಲಿಲ್ಲ. ಬೆರಳು ಮತ್ತೆ ಫೋಟೋ ಕಡೆಗೇ.

ಅಜ್ಜಿ ಅವನ ತೋಳು ಬಿಟ್ಟಳು.  ಸೆರಗಿಲ್ಲದ ದೇಶ, ಅಂಗಿ ತೋಳಲ್ಲೇ ಕಣ್ಣೊರೆಸಿಕೊಂಡು ಅವನ ಪಕ್ಕ ಕೂತಳು.

ಅಡಿವೆಪ್ಪ ಫೋಟೋ ಕಡೆ ನೋಡಿ ನಕ್ಕ.

"ನೋಡು ಯವ್ವಾ, ಈ ಸಲ ತಪ್ಪಿಲ್ಲ. ನೀ ಏಳೂತನಕ ನಾ ಏಳಂಗಿಲ್ಲ."