ಮೂರು ಕಾಸಿನ ಉಜ್ಜುಗೊರಡು

ಬನ್ನಿ, ಹತ್ತಿರ ಬನ್ನಿ. ಕಾಲು ಚಾಚಿದವರು ಮಡಚಿಕೊಳ್ಳಿ, ಬಾಯಲ್ಲಿ ಕಡಲೆ ಇದ್ದವರು ಬೇಗ ನುಂಗಿ. ಆಮೇಲೆ ನಗು ಬಂದು ಗಂಟಲಿಗೆ ಸಿಕ್ಕಿಕೊಂಡರೆ ನನ್ನನ್ನು ಬಯ್ಯಬೇಡಿ.

ಹೊಂಗೆಪುರದಲ್ಲಿ ಬೊಮ್ಮನಾಯಕ ಅಂತ ಒಬ್ಬ ದೊರೆ. ಒಳ್ಳೆಯವನೇ, ಆದರೆ ಬೆಳ್ಳಗಿದ್ದದ್ದೆಲ್ಲ ಹಾಲು ಅಂತ ನಂಬುವವನು. ಅವನ ಮಗಳ ಮದುವೆ ಗೊತ್ತಾಯಿತು. ಹೆಣ್ಣು ಗಂಡು ಕೂರುವುದಕ್ಕೆ ಹಸೆಮಣೆ ಆಗಬೇಕಲ್ಲ? ಅರಮನೆಯ ಹಸೆಮಣೆ ಮಾಡುವುದು ಏಳು ತಲೆಮಾರಿನಿಂದ ಬಡಗಿ ಮೌನಾಚಾರಿಯ ಮನೆಯವರೇ. ಅವನೂ ಚೀಲ ಹೆಗಲಿಗೇರಿಸಿಕೊಂಡು ಬಂದ.

ಅಷ್ಟರಲ್ಲಿ ಉಗ್ರಾಣದ ಅಧಿಕಾರಿ ಗರುಡಯ್ಯ ಸಭೆಗೆ ಒಂದು ರೇಷ್ಮೆ ಗಂಟು ತಂದ. ಬಿಚ್ಚಿದರೆ ಒಳಗೆ ಹಲಗೆ ನುಣುಪು ಮಾಡುವ ಉಜ್ಜುಗೊರಡು! ದಂತದ ಹಿಡಿ, ಬೆಳ್ಳಿಯ ಬಳ್ಳಿ, ಪಕ್ಕದಲ್ಲಿ ಆನೆ ಸಾಲು.

"ಮಹಾಸ್ವಾಮಿ, ಏಳು ರಾಜ್ಯ ಹುಡುಕಿದರೂ ಇಂಥದ್ದು ಸಿಗೋಲ್ಲ. ಇದರಲ್ಲಿ ಉಜ್ಜಿದರೆ ಮರ ಕನ್ನಡಿ ಆಗುತ್ತೆ!"

ದೊರೆ ಕಣ್ಣರಳಿಸಿದ. "ಮೌನಾಚಾರಿ, ನಿನ್ನ ಗೊರಡು ತೋರಿಸು."

ಮೌನಾಚಾರಿ ಚೀಲದಿಂದ ತೆಗೆದ. ಹುಣಸೆ ಮರದ್ದು, ಕೈಯೆಣ್ಣೆ ಕುಡಿದು ಕಪ್ಪಗಾಗಿತ್ತು. ಮುರಿದ ಕುಡುಗೋಲನ್ನು ತಟ್ಟಿ ಮಾಡಿದ ಅಲಗು. ಹಿಡಿ ಬಿರುಕುಬಿಟ್ಟಿದೆ ಅಂತ ತೆಂಗಿನ ನಾರಿನ ಹಗ್ಗ ಸುತ್ತಿದ್ದ.

"ಎಷ್ಟು ಕೊಟ್ಟೆ?"

"ಸಂತೇಲಿ ಮೂರು ಕಾಸು, ಬುದ್ಧಿ."

ಸಭೆಯೆಲ್ಲ ಗೊಳ್ಳೆಂದಿತು. ಗರುಡಯ್ಯ, "ಮೂರು ಕಾಸಿನ ಗೊರಡಲ್ಲಿ ಉಜ್ಜಿದ ಮಣೆ ಮೇಲೆ ನಮ್ಮ ಅಮ್ಮಾವರು ಕೂರೋದೇ? ಅದನ್ನು ಬಚ್ಚಲ ಒಲೆಗೆ ಹಾಕಿಸಿ. ಮಣೆ ಕೆಲಸ ನನ್ನ ಭಾಮೈದನಿಗೆ ಕೊಡಿ, ಈ ಬೆಳ್ಳಿ ಗೊರಡಲ್ಲಿ ಮಾಡ್ತಾನೆ" ಅಂದ.

"ನನ್ನ ಕಣ್ಣಿಗೂ ಅದೇ ಸರಿ ಕಾಣುತ್ತೆ" ಅಂದ ದೊರೆ.

ಮೌನಾಚಾರಿ ಪಾಪ, ಗೊರಡನ್ನು ಎಳೆಕೂಸಿನ ಹಾಗೆ ಎದೆಗೊತ್ತಿಕೊಂಡು ನಿಂತ. ಏಳು ತಲೆಮಾರಿನ ಕೆಲಸ ಒಂದು ಮಾತಿಗೆ ಹೋಗಿಬಿಡುವುದೇ?

ಎಲ್ಲರ ನಗು ನಿಂತ ಮೇಲೆ ಕಂಬದ ಹಿಂದಿನಿಂದ ಒಂದು ನಗು ಬಂತು. ಯಾರು? ಚುಂಚಣ್ಣ. ಆಸ್ಥಾನದ ಜಾಣ, ಮೊಣಕಾಲುದ್ದದ ಆಳು, ಮೊಳದುದ್ದದ ಮೀಸೆ.

"ಯಾಕೋ ನಗ್ತೀಯ, ಚುಂಚ?"

"ಬುಟ್ಟಿ ನೋಡಿ ಹಣ್ಣು ಸಿಹಿ ಅಂತಿದ್ದೀವಲ್ಲ ಅಂತ, ಮಹಾಸ್ವಾಮಿ."

ದೊರೆಗೆ ರೇಗಿತು. "ಓಹೋ! ಹಾಗಾದರೆ ಆ ಮೂರು ಕಾಸಿನದೇ ಮೇಲು ಅಂತ ತೋರಿಸು. ನೀನು ಹೇಳಿದರೆ ನಂಬೋಲ್ಲ, ನಿನ್ನ ನಾಲಿಗೆಗೆ ಮೂಳೆ ಇಲ್ಲ. ಬಡಗಿಗಳು ಹೇಳಿದರೂ ನಂಬೋಲ್ಲ, ಎಲ್ಲರದೂ ಒಂದೇ ನಂಟು. ಗರುಡಯ್ಯನೇ ತನ್ನ ಬಾಯಾರೆ ಹೊಗಳಬೇಕು. ಇಲ್ಲದಿದ್ದರೆ ಗೊರಡು ಒಲೆಗೆ!"

ಗರುಡಯ್ಯ ಹೊಟ್ಟೆ ಕುಣಿಸಿ ನಕ್ಕ. "ನಾನೇ? ಈ ಜನ್ಮದಲ್ಲಿ ಆಗೋಲ್ಲ!"

"ಅಷ್ಟು ದಿನ ಯಾಕೆ ಸ್ವಾಮಿ, ನಾಳೆ ಊಟದ ಹೊತ್ತಿಗೆ ಆಗುತ್ತೆ" ಅಂದ ಚುಂಚಣ್ಣ.

ಮಾರನೆ ದಿನ ಬೆಳಿಗ್ಗೆ ಒಂದೇ ಮಾವಿನ ದಿಮ್ಮಿಯಿಂದ ಎರಡು ಉದ್ದನೆ ಹಲಗೆ ಸೀಳಿಸಿದ. ಮೌನಾಚಾರಿ ಒಂದನ್ನು ಬೆಳ್ಳಿ ಗೊರಡಲ್ಲಿ, ಇನ್ನೊಂದನ್ನು ತನ್ನ ಗೊರಡಲ್ಲಿ ಉಜ್ಜಿದ. ಮೋಸ ಆಗದ ಹಾಗೆ ದೊರೆಯ ಕಾವಲುಗಾರನೇ ಎದುರಿಗೆ ನಿಂತಿದ್ದ. ಆಮೇಲೆ ಎರಡನ್ನೂ ಅರಮನೆಯ ಎತ್ತರದ ಜಗಲಿಗೆ ಜಾರುಬಂಡೆಯ ಹಾಗೆ ಒರಗಿಸಿದರು. ಪ್ರತಿ ಹಲಗೆಯ ಕೆಳಗೂ ಅದನ್ನು ಉಜ್ಜಿದ ಗೊರಡನ್ನು ಬಟ್ಟೆ ಮುಚ್ಚಿ ಇಟ್ಟರು.

"ಗರುಡಯ್ಯನವರೇ, ನಿಮ್ಮ ಗೊರಡಿನ ಕೆಲಸ ನಿಮಗೆ ಗುರುತು ಸಿಗುತ್ತೋ?" ಅಂತ ಕೇಳಿದ ಚುಂಚಣ್ಣ.

"ಕಣ್ಣು ಕಟ್ಟಿದರೂ ಸಿಗುತ್ತೆ!"

"ಮಣೆ ಮೇಲೆ ಕಣ್ಣಿಟ್ಟು ಕೂರ್ತಾರಾ ಸ್ವಾಮಿ? ಎರಡರ ಮೇಲೂ ಕೂತು, ಜಾರಿ, ಹೇಳಿ."

ಗರುಡಯ್ಯ ರೇಷ್ಮೆ ಪಂಚೆ ಸರಿಮಾಡಿಕೊಂಡು ಮೊದಲ ಹಲಗೆಯ ಮೇಲೆ ಕೂತ. ಸೊಂಯ್! ಕೆಳಗೆ ಬಂದವನೇ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

"ಬೆಣ್ಣೆ! ಮಹಾಸ್ವಾಮಿ, ಬೆಣ್ಣೆ! ಇದೇ ನನ್ನ ಗೊರಡಿನ ಕೆಲಸ. ಇದಕ್ಕೆ ಲೋಕದಲ್ಲೇ ಸಾಟಿಯಿಲ್ಲ!"

ಮತ್ತೆ ಹತ್ತಿ ಮತ್ತೆ ಜಾರಿದ. ಮೂರನೇ ಸಲ ಹತ್ತುವಾಗ ದೊರೆಯೇ, "ಸಾಕಯ್ಯಾ, ಇನ್ನೊಂದನ್ನೂ ನೋಡು" ಅಂದ.

ಇನ್ನೊಂದರ ಮೇಲೆ ಕೂತ. ಜಾರಿದ... ಎಲ್ಲಿ ಜಾರೋದು? ಅರ್ಧದಲ್ಲೇ ನಿಂತ. ಪರ್ರ್ ಅಂತ ಪಂಚೆ ಹರಿದ ಸದ್ದು. ಇಬ್ಬರು ಆಳು ಬಂದು ಕೈ ಹಿಡಿದು ಎಳೆಯಬೇಕಾಯಿತು. ಗರುಡಯ್ಯನ ಎರಡೂ ಕೈ ಹಿಂದಕ್ಕೇ ಹೋದವು. ಮೇಲಿನ ಕಿಟಕಿಯಲ್ಲಿ ರಾಣಿವಾಸದವರು ಸೆರಗು ಬಾಯಿಗೆ ತುರುಕಿಕೊಂಡರು.

"ಥೂ! ಹಲಸಿನ ಹಣ್ಣಿನ ಮೇಲೆ ಕೂತ ಹಾಗಾಯ್ತು! ಇದನ್ನು ಉಜ್ಜಿದ ದರಿದ್ರ ಗೊರಡನ್ನು ಈಗಲೇ ಒಲೆಗೆ ಹಾಕಿ!"

"ಅಪ್ಪಣೆ" ಅಂದ ಚುಂಚಣ್ಣ. ಬಟ್ಟೆ ಎಳೆದ.

ಬೆಣ್ಣೆ ಹಲಗೆಯ ಕೆಳಗೆ ನಾರು ಸುತ್ತಿದ ಹುಣಸೆ ಗೊರಡು. ಹಲಸಿನ ಹಲಗೆಯ ಕೆಳಗೆ ಬೆಳ್ಳಿ ಗೊರಡು!

ದೊರೆ ಅದನ್ನೆತ್ತಿ ತಿರುಗಿಸಿ ನೋಡಿದ. ತಳದ ತುಂಬ ಗಿಳಿಗಳ ಕೆತ್ತನೆ. ಒಂದೊಂದು ಗಿಳಿಯ ಕೊಕ್ಕಿನಲ್ಲೂ ಮಾವಿನ ಸಿಬಿರು.

"ಬುದ್ಧಿ, ಗೊರಡಿನ ತಳ ಸಪಾಟಾಗಿರಬೇಕು, ಅಲಗು ಅಲುಗಬಾರದು" ಅಂದ ಮೌನಾಚಾರಿ ಮೆಲ್ಲಗೆ. "ಗಿಳಿ ಮರದ ಮೇಲಿದ್ದರೆ ಚೆಂದ."

ದೊರೆ ನಕ್ಕ ನಗುವಿಗೆ ಪೇಟ ಉರುಳಿತು. "ಲೋ ಚುಂಚ, ನನ್ನ ಕಣ್ಣೇ ಮೋಸ ಹೋಯ್ತಲ್ಲೋ!"

"ಕಣ್ಣಿನ ತಪ್ಪಿಲ್ಲ ಮಹಾಸ್ವಾಮಿ. ಗೊರಡಿನ ಬೆಲೆ ಕೊಂಡವನ ಬಾಯಿ ಹೇಳುತ್ತೆ. ಗೊರಡಿನ ಗುಣ ಕೂತವನ ಅಂಡು ಹೇಳುತ್ತೆ!"

ಆಮೇಲೆ ಏನಾಯಿತು ಅಂತೀರಾ? ಮೌನಾಚಾರಿಯೇ ಹಸೆಮಣೆ ಮಾಡಿದ. ಮದುಮಗಳ ಸೀರೆಯ ಒಂದೆಳೆಯೂ ಸಿಕ್ಕಿಕೊಳ್ಳಲಿಲ್ಲ. ಏನು ಬೇಕು ಅಂತ ದೊರೆ ಕೇಳಿದರೆ ಗೊರಡಿಗೆ ಹೊಸ ನಾರಿನ ಹಗ್ಗ ಕೇಳಿದ, ಪುಣ್ಯಾತ್ಮ. ದೊರೆ ಹಗ್ಗದ ಜೊತೆ ಒಂದು ತೋಟವನ್ನೂ ಕೊಟ್ಟ. ಬೆಳ್ಳಿ ಗೊರಡಿನ ಬೆಳ್ಳಿ ಮುಂದೆ ಮೊಮ್ಮಗುವಿನ ಕಾಲ್ಗೆಜ್ಜೆ ಆಯಿತು, ಉಳಿದ ಮರ ಮದುಮಗಳ ಎಣ್ಣೆನೀರಿಗೆ ಒಲೆ ಸೇರಿತು. ಗರುಡಯ್ಯ ಮದುವೆ ಊಟ ನಿಂತೇ ಮಾಡಿದ, ಸಾಯುವ ತನಕ ಮೆತ್ತೆಯನ್ನೂ ಕೈಯಲ್ಲಿ ಸವರಿ ನೋಡಿಯೇ ಕೂರುತ್ತಿದ್ದನಂತೆ. ಬೆಣ್ಣೆ ಹಲಗೆಯನ್ನು ದೊರೆ ಇಟ್ಟುಕೊಂಡ, ಯಾರೂ ಇಲ್ಲದಾಗ ಸೊಂಯ್ ಅಂತ ಜಾರುವುದಕ್ಕೆ.

ಚುಂಚಣ್ಣ ಮಾತ್ರ ಆ ಹಲಸಿನ ಹಲಗೆಯನ್ನೇ ಕೇಳಿ ಪಡೆದು ತನ್ನ ಮನೆ ಜಗಲಿಗೆ ಹಾಕಿಸಿದ. ಆವತ್ತಿನಿಂದ ಅವನ ಮನೆಗೆ ಹರಟೆಗೆ ಬಂದವರು ಯಾರೂ ಹೆಚ್ಚು ಹೊತ್ತು ಕೂರಲಿಲ್ಲ.