ಒಂದು ಸ್ಟಾರಿನ ಗಿರಾಕಿ

ನಮ್ಮ ಬಡಾವಣೆಯ ಚೈನೀಸ್ ಪಾರ್ಸೆಲ್ ಅಂಗಡಿಗೆ ನಿವೃತ್ತ ತಹಶೀಲ್ದಾರ್ ತಿಪ್ಪೇರುದ್ರಯ್ಯನವರು ಪ್ರತಿ ಶನಿವಾರ ಬರುತ್ತಿದ್ದರು. ಗೋಬಿ ಮಂಚೂರಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆದರೆ ಮೊಬೈಲಿನಲ್ಲಿ ಅಂಗಡಿಗೆ ಒಂದೇ ಸ್ಟಾರ್ ಕೊಟ್ಟು, 'ಇದನ್ನು ತಿಂದವರ ಹೊಟ್ಟೆಯನ್ನು ದೇವರೇ ಕಾಯಬೇಕು' ಎಂದು ಬರೆದಿದ್ದರು. "ಆ ಸ್ಟಾರ್ ಹೋಗದಿದ್ದರೆ ನೀನು ಹೋಗು" ಎಂದು ಮಾಲೀಕ ಕೌಂಟರಿನ ಪುಷ್ಪಲತಾಗೆ ಹೇಳಿಬಿಟ್ಟ.

ಮುಂದಿನ ಶನಿವಾರ ಸಾಹೇಬರು ಬಂದರು. "ಎರಡು ಫುಲ್ ಗೋಬಿ ಕಟ್ಟು. ಮನೆಗೆ ಬೀಗರು ಬಂದಿದ್ದಾರೆ."

"ಕೊಡೋಕಾಗಲ್ಲ ಸಾರ್," ಎಂದಳು ಪುಷ್ಪಲತಾ. "ನಿಮ್ಮ ಅಭಿಪ್ರಾಯ ಓದಿದೆ. ಬೀಗರ ಹೊಟ್ಟೆಗೆ ಏನಾದರೂ ಆದರೆ?"

"ಅದು ಸುಮ್ಮನೆ ಬರೆದದ್ದು ಕಣಮ್ಮ."

"ತಹಶೀಲ್ದಾರರು ಸುಮ್ಮನೆ ಬರೀತಾರಾ ಸಾರ್?"

ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಅಷ್ಟರಲ್ಲಿ ಸಾಹೇಬರಿಗೆ ಹೆಂಡತಿಯ ಫೋನ್ ಬಂತು. "ಬೇರೆ ಅಂಗಡೀದು ತರಬೇಡಿ. ಬೀಗರಿಗೆ ಹೋದ ಸಲದ್ದೇ ಬೇಕಂತೆ."

ಸಾಹೇಬರು ಗೋಡೆಯ ಕಡೆ ತಿರುಗಿ ಮೊಬೈಲ್ ಒತ್ತಿದರು. ಐದು ಸ್ಟಾರ್ ಬಿತ್ತು. 'ರುಚಿ ಬಹಳ ಸುಧಾರಿಸಿದೆ' ಎಂಬ ಸಾಲೂ ಬಂತು.

ಪುಷ್ಪಲತಾ ಓದಿ ಕೇಳಿದಳು, "ಇವತ್ತಿನದು ತಿನ್ನದೇ ಹೇಗೆ ಗೊತ್ತಾಯ್ತು ಸಾರ್?"

"ವಾಸನೆಯಲ್ಲೇ ಗೊತ್ತಾಗುತ್ತೆ. ಬೇಗ ಕಟ್ಟು, ಸಾಸ್ ಸ್ವಲ್ಪ ಜಾಸ್ತಿ ಹಾಕು."