ತಾಯಿಬೆಕ್ಕು ಮತ್ತು ಡಿವಿಆರ್ ಪೆಟ್ಟಿಗೆ

ಅಕ್ಕಿ ಗಿರಣಿಯ ತಾಯಿಬೆಕ್ಕೊಂದು ಕಾಣೆಯಾದ ತನ್ನ ಮರಿಯನ್ನು ಅಂಗಳದಲ್ಲೆಲ್ಲ ಹುಡುಕಿ ಸೋತು, ಕೊನೆಗೆ ಕಚೇರಿಯ ಡಿವಿಆರ್ ಪೆಟ್ಟಿಗೆಯ ಮುಂದೆ ಬಂದು ಕೂತಿತು. ಕ್ಯಾಮೆರಾಗಳು ಕಂಡದ್ದನ್ನೆಲ್ಲ ಆ ಪೆಟ್ಟಿಗೆ ತುಂಬಿಟ್ಟುಕೊಳ್ಳುತ್ತದೆಂದು ಬೆಕ್ಕು ಕೇಳಿತ್ತು.

"ಅಣ್ಣಾ, ನನ್ನ ಮರಿ ಯಾವ ಕಡೆ ಹೋಯಿತು, ತೋರಿಸು."

"ಅದು ಹೋದ ದಾರಿ ನನ್ನಲ್ಲಿತ್ತು ತಾಯಿ. ಆದರೆ ಹೊಟ್ಟೆ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಕೋ ಎಂದು, ನನ್ನನ್ನು ಇಲ್ಲಿ ಕೂರಿಸಿದ ದಿನವೇ ಹೇಳಿಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಅದನ್ನು ಅಳಿಸಿದೆ."

ಬೆಕ್ಕು ಕೇಳಿತು, "ಅದರ ಜಾಗದಲ್ಲಿ ಏನನ್ನು ತುಂಬಿಕೊಂಡೆ?"

"ನಿನ್ನನ್ನೇ. ಮರಿಯನ್ನು ಕೂಗುತ್ತ ಅಂಗಳದಲ್ಲಿ ಅಲೆಯುತ್ತಿದ್ದೆಯಲ್ಲ, ಅದನ್ನು."

ಬೆಕ್ಕು ಎದ್ದು ಹೋಗಿ, ಹುಡುಕಿದ ಮೂಲೆಗಳನ್ನೇ ಮತ್ತೆ ಹುಡುಕತೊಡಗಿತು.